ಎತ್ತಿಗೆ ಜ್ವರ, ಎಮ್ಮೆಗೆ ಬರೆ



2025ರ ಆಗಸ್ಟ್ 27ರಿಂದ ಅಮೆರಿಕ ಸರ್ಕಾರ ಭಾರತದ ಬಹುಪಾಲು ಸರಕಿನ ಮೇಲೆ ಶೇ 50ರ ಸುಂಕ ಹೇರಿತು. ಮೊದಲ ಏಟು ಬಿದ್ದದ್ದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ. ದಿಲ್ಲಿ ಸರ್ಕಾರ ಅವರ ಕಣ್ಣೀರು ಒರೆಸಲು ಹೊರಟಿತು. ಒರೆಸಲಿ, ಬೇಡ ಅನ್ನುವವರಲ್ಲ ನಾವು. ಆದರೆ ಯಾರ ಹೆಗಲ ಮೇಲಿನ ಟವೆಲು ಎಳೆದು ಒರೆಸಿತು ಅಂತ ನೋಡಿ. ಹೊರದೇಶದ ಹತ್ತಿಯ ಮೇಲೆ 2021ರಲ್ಲಿ ಹಾಕಿದ್ದ ಶೇ 11ರ ಆಮದು ಸುಂಕವನ್ನು ಆಗಸ್ಟ್ 19ರಿಂದಲೇ ಪೂರ್ತಿ ತೆಗೆದುಹಾಕಿತು. ಮೊದಲು ಸೆಪ್ಟೆಂಬರ್ 30ರವರೆಗೆ ಮಾತ್ರ ಅಂದರು. ಹತ್ತು ದಿನ ಕಳೆಯುವುದರೊಳಗೆ ಡಿಸೆಂಬರ್ 31ರವರೆಗೆ ಅಂದರು. ಹಾವೇರಿ, ಧಾರವಾಡ, ರಾಯಚೂರು, ಕಲಬುರಗಿ ಕಡೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳು ಯಾವುವು? ಅವೇ. ಹೊಲದಲ್ಲಿ ಕಾಯಿ ಒಡೆಯುವುದಕ್ಕೂ ಬಂದರಿನ ಬಾಗಿಲು ತೆರೆಯುವುದಕ್ಕೂ ಇಷ್ಟು ಚೆನ್ನಾಗಿ ಮುಹೂರ್ತ ಕೂಡಿಸಿದ ಜೋಯಿಸರು ಯಾರೋ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಇದಕ್ಕೇ ಹುಟ್ಟಿದ್ದು. ವಾಷಿಂಗ್ಟನ್ನಿನಲ್ಲಿ ಒಬ್ಬನಿಗೆ ತಲೆ ಬಿಸಿಯಾದರೆ ಬ್ಯಾಡಗಿಯ ಒಕ್ಕಲಿಗನ ಬೆನ್ನ ಮೇಲೆ ಬರೆ. ಇದು ಇವತ್ತಿನ ಕಥೆಯಲ್ಲ, ನೂರಾ ಅರವತ್ತು ವರ್ಷಗಳ ಕಥೆ. ಶ್ರೀಮಂತ ದೇಶಗಳ ಉಬ್ಬರ-ಇಳಿತಕ್ಕೂ ನಮ್ಮಂಥ ದೇಶಗಳ ಉಬ್ಬರ-ಇಳಿತಕ್ಕೂ ಇರುವ ಹಗ್ಗ ಎಂಥದ್ದು, ಅದರ ತುದಿಯನ್ನು ನಮ್ಮ ಕುತ್ತಿಗೆಗೆ ಕಟ್ಟಿದವರು ಯಾರು ಅನ್ನುವುದನ್ನು ತಿಳಿಯದೆ ಸಾಲದ ಮಾತು ಆಡಿ ಪ್ರಯೋಜನವಿಲ್ಲ.

ಪಂಡಿತರ ಎರಡು ನಾಲಿಗೆ

ಪೇಟೆಯ ಅರ್ಥಶಾಸ್ತ್ರಿಗಳಿಗೆ ಎರಡು ನಾಲಿಗೆ. ನಮ್ಮ ಮಾಲಿನ ಬೆಲೆ ಬಿದ್ದಾಗ, "ಜಾಗತಿಕ ಮಾರುಕಟ್ಟೆ ಕುಸಿದಿದೆಯಪ್ಪಾ, ಯಾರೇನು ಮಾಡೋಕಾಗುತ್ತೆ?" ಅಂತಾರೆ. ಅದೇ ಪಂಡಿತರು ಸಭೆಯಲ್ಲಿ ಹಾರ ಹಾಕಿಸಿಕೊಂಡು ಕೂತಾಗ, "ಭಾರತ ಈಗ ಸ್ವಂತ ಕಾಲ ಮೇಲೆ ನಿಂತಿದೆ, ಅಮೆರಿಕ ಬಿದ್ದರೂ ನಾವು ಬೀಳೋದಿಲ್ಲ" ಅಂತಾರೆ. 2007ರಲ್ಲಿ, 2008ರ ಮೊದಲರ್ಧದಲ್ಲಿ ಈ ಎರಡನೇ ಮಾತು ಬಹಳ ಜೋರಾಗಿತ್ತು. ಮೇಲೇಳುತ್ತಿರುವ ದೇಶಗಳು ಶ್ರೀಮಂತ ದೇಶಗಳ ಕೊಂಡಿ ಕಳಚಿಕೊಂಡಿವೆ ಅಂತ ಲೇಖನಗಳ ಮೇಲೆ ಲೇಖನ. 2008ರ ಸೆಪ್ಟೆಂಬರ್ 15ಕ್ಕೆ ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಅಕ್ಟೋಬರ್‌ನಿಂದಲೇ ಭಾರತದ ರಫ್ತು ಇಳಿಯತೊಡಗಿತು. ಜುಲೈಯಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ್ದ ಕಚ್ಚಾ ತೈಲ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗೆ ಬಿತ್ತು. ಕೊಂಡಿ ಕಳಚಿತ್ತೋ, ಬಿಗಿದಿತ್ತೋ?

ಒಂದು ಮಾತನ್ನು ಒಪ್ಪಲೇಬೇಕು. 2009ರಲ್ಲಿ ಶ್ರೀಮಂತ ದೇಶಗಳ ಉತ್ಪಾದನೆ ಕುಗ್ಗಿದಾಗಲೂ ಭಾರತ, ಚೀನಾ ಬೆಳೆದವು. ಪಂಡಿತರು ಈಗಲೂ ಇದನ್ನೇ ಹಿಡಿದು ವಾದಿಸುತ್ತಾರೆ. ಆದರೆ ದೇಶ ಬೆಳೆಯಿತು ಅನ್ನುವುದು ಬೇರೆ, ದೇಶದೊಳಗೆ ಯಾರು ಏಟು ತಿಂದರು ಅನ್ನುವುದು ಬೇರೆ. ಚೀನಾ 2008ರ ನವೆಂಬರ್‌ನಲ್ಲಿ 4 ಲಕ್ಷ ಕೋಟಿ ಯುವಾನ್ ಯೋಜನೆ ಘೋಷಿಸಿ ರಸ್ತೆ, ರೈಲು ಕಟ್ಟಲು ಹೊರಟಿತು. ಅದರಿಂದ ಕಬ್ಬಿಣ, ತಾಮ್ರದಂಥ ಕಚ್ಚಾ ಸರಕಿನ ಬೆಲೆ ಮತ್ತೆ ಎದ್ದಿತು. ಅಂದರೆ ಹಗ್ಗ ಹರಿಯಲಿಲ್ಲ. ಮೊದಲು ನ್ಯೂಯಾರ್ಕಿನ ಗೂಟಕ್ಕೆ ಮಾತ್ರ ಕಟ್ಟಿದ್ದರು, ಈಗ ಬೀಜಿಂಗ್‌ನಲ್ಲಿ ಇನ್ನೊಂದು ಗೂಟ ಹುಗಿದರು, ಅಷ್ಟೆ.

ಹಗ್ಗ ಒಂದಲ್ಲ, ಮೂರು

ಮೊದಲನೆಯದು ಬೆಲೆಯ ಹಗ್ಗ. ಅಲ್ಲಿಯ ಜನ ಕೊಳ್ಳುವುದು ಕಡಿಮೆ ಮಾಡಿದರೆ ಅಲ್ಲಿಯ ಅಂಗಡಿ ಬಟ್ಟೆ ತರಿಸುವುದನ್ನು ನಿಲ್ಲಿಸುತ್ತದೆ. ಇಲ್ಲಿಯ ಗಿರಣಿ ನೂಲು ಕೊಳ್ಳುವುದು ನಿಲ್ಲುತ್ತದೆ, ಜಿನ್ನಿಂಗ್ ಕಾರ್ಖಾನೆ ಅರಳೆ ಇಟ್ಟುಕೊಂಡು ಕೂರುತ್ತದೆ. ದಲಾಲಿ ಅಂಗಡಿಯ ಟೆಂಡರಿನಲ್ಲಿ ಒಂದು ಸೊನ್ನೆ ಕಮ್ಮಿಯಾದದ್ದು ನಮಗೆ ಕಾಣುತ್ತದೆ, ಆ ಸೊನ್ನೆ ಎಲ್ಲಿಂದ ಉರುಳಿ ಬಂತು ಅನ್ನುವುದು ಕಾಣುವುದಿಲ್ಲ.

ಎರಡನೆಯದು ಬಡ್ಡಿಯ ಹಗ್ಗ. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ಬಡ ದೇಶಗಳಿಗೆ ಬಂದಿದ್ದ ದುಡ್ಡು ಹೆಚ್ಚು ಬಡ್ಡಿಯ ಆಸೆಗೆ ವಾಪಸು ಓಡುತ್ತದೆ. ಅದನ್ನು ತಡೆಯಲು ಇಲ್ಲಿಯವರೂ ಬಡ್ಡಿ ಏರಿಸುತ್ತಾರೆ. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ಅಮೆರಿಕದ ಬಡ್ಡಿ ದರ 2023ರ ಜುಲೈ ಹೊತ್ತಿಗೆ ಶೇ 5 ದಾಟಿತ್ತು. ನಮ್ಮ ರಿಸರ್ವ್ ಬ್ಯಾಂಕಿನ ರೆಪೊ ದರ ಅದೇ ಅವಧಿಯಲ್ಲಿ ಶೇ 4ರಿಂದ ಶೇ 6.5ಕ್ಕೆ ಏರಿತು. ಇಲ್ಲಿಯ ಬೆಲೆ ಏರಿಕೆಯೂ ಅದಕ್ಕೆ ಕಾರಣ, ಸರಿ. ಆದರೆ ಅಲ್ಲಿ ಏರುತ್ತಿರುವಾಗ ಇಲ್ಲಿ ಇಳಿಸುವ ಧೈರ್ಯ ಯಾರಿಗಿದೆ?

ಮೂರನೆಯದು ರೂಪಾಯಿಯ ಹಗ್ಗ. 2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಬರ್ನಾಂಕೆ, ಇನ್ನು ಮುಂದೆ ಹಣ ಸುರಿಯುವುದನ್ನು ಕಡಿಮೆ ಮಾಡಬಹುದು ಅಂತ ಬಾಯಿಮಾತು ಆಡಿದರು. ಕಡಿಮೆ ಮಾಡಲಿಲ್ಲ, ಮಾಡಬಹುದು ಅಂದರು. ಡಾಲರ್‌ಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ 28ಕ್ಕೆ 68 ದಾಟಿತು. ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ ಅನ್ನುತ್ತಾರೆ. ರಫ್ತುದಾರನಿಗೆ ಸರಿ, ಪೊಟ್ಯಾಷ್ ಚೀಲ ಹೊರುವವನಿಗೆ? ಈ ದೇಶದ ಹೊಲಗಳಿಗೆ ಹಾಕುವ ಪೊಟ್ಯಾಷ್ ಪೂರ್ತಿ ಹೊರಗಿನಿಂದಲೇ ಬರಬೇಕು. ಡೀಸೆಲ್ಲಿನ ಬಹುಪಾಲು ಎಣ್ಣೆಯೂ ಹೊರಗಿನದೇ. ಹೀಗೆ ಮಾರುವ ಮಾಲಿಗೆ ಒಂದು ಹಗ್ಗ, ಸಾಲದ ದುಡ್ಡಿಗೆ ಒಂದು, ಕೊಳ್ಳುವ ಗೊಬ್ಬರಕ್ಕೆ ಒಂದು. ಎಲ್ಲಾ ಸೇರಿ ಬಿಗಿಯುವುದು ಒಂದೇ ಕುತ್ತಿಗೆ.

ಸಾಲ ರೂಪಾಯಿಯಲ್ಲಿ, ತೀರುವಳಿ ಕ್ವಿಂಟಲ್‌ನಲ್ಲಿ

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಹತ್ತಿ ಕ್ವಿಂಟಲ್‌ಗೆ 8,000 ಇದ್ದಾಗ ಒಬ್ಬ ರೈತ 1 ಲಕ್ಷ ಸಾಲ ಮಾಡಿದ. ಅವನ ಸಾಲ ಹನ್ನೆರಡೂವರೆ ಕ್ವಿಂಟಲ್. ಸುಗ್ಗಿಯ ಹೊತ್ತಿಗೆ ಬೆಲೆ 5,000ಕ್ಕೆ ಬಿತ್ತು. ಈಗ ಅದೇ ಸಾಲ ಇಪ್ಪತ್ತು ಕ್ವಿಂಟಲ್. ಅವನು ಒಂದು ರೂಪಾಯಿ ಹೆಚ್ಚಿಗೆ ತಂದಿಲ್ಲ, ಒಂದು ದಿನ ತಡ ಮಾಡಿಲ್ಲ, ಕುಡಿದಿಲ್ಲ, ಜೂಜಾಡಿಲ್ಲ. ಆದರೂ ಏಳೂವರೆ ಕ್ವಿಂಟಲ್ ಸಾಲ ರಾತ್ರೋರಾತ್ರಿ ಬೆಳೆಯಿತು. ಬಡ್ಡಿ ಇನ್ನೂ ಸೇರಿಸಿಲ್ಲ. ರೈತರು ಮದುವೆ-ಮುಂಜಿಗೆ ದುಂದು ಮಾಡಿ ಸಾಲಗಾರರಾದರು ಅಂತ ಉಪದೇಶ ಹೇಳುವ ಮಹನೀಯರು ಮೊದಲು ಈ ಏಳೂವರೆ ಕ್ವಿಂಟಲ್ಲಿನ ಲೆಕ್ಕ ಕೊಡಲಿ.

ದೇಶಗಳ ಸಾಲವೂ ಇದೇ ಲೆಕ್ಕದಲ್ಲಿ ಓಡುತ್ತದೆ. 1970ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳು ಮೆಕ್ಸಿಕೊ, ಬ್ರೆಜಿಲ್ ಮುಂತಾದ ದೇಶಗಳಿಗೆ ಕರೆಕರೆದು ಸಾಲ ಕೊಟ್ಟವು. ಬಡ್ಡಿ ಇಂತಿಷ್ಟೇ ಅಂತ ಕಟ್ಟಿರಲಿಲ್ಲ, ಮಾರುಕಟ್ಟೆಯ ದರ ಏರಿದರೆ ಅದೂ ಏರುವ ಕರಾರು. 1979ರ ಅಕ್ಟೋಬರ್‌ನಲ್ಲಿ ಪಾಲ್ ವೋಲ್ಕರ್ ಅನ್ನುವವರು ಅಮೆರಿಕದ ಬೆಲೆ ಏರಿಕೆ ತಡೆಯಲು ಹಣದ ಮೂಗುದಾರ ಬಿಗಿದರು. 1981ರ ಹೊತ್ತಿಗೆ ಅಲ್ಲಿಯ ಬಡ್ಡಿ ಶೇ 19-20 ಮುಟ್ಟಿತು. ಶ್ರೀಮಂತ ದೇಶಗಳ ಕಾರ್ಖಾನೆಗಳು ಮಂದವಾದವು, ಬಡ ದೇಶಗಳು ಮಾರುವ ಸರಕಿನ ಬೆಲೆ ಬಿತ್ತು, ಡಾಲರ್ ದುಬಾರಿಯಾಯಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಕೈ ಎತ್ತಿತು. ಲ್ಯಾಟಿನ್ ಅಮೆರಿಕದ ಪಾಲಿಗೆ ಆ ಹತ್ತು ವರ್ಷ ಕಳೆದುಹೋದ ದಶಕ ಅಂತಲೇ ಹೆಸರಾಯಿತು.

ಇನ್ನೊಂದು ವಿಷಯವನ್ನೂ ನಮ್ಮವರು ತಿಳಿಯಬೇಕು. ಅದೇ ಬಡ್ಡಿ ಅಮೆರಿಕದ ರೈತನನ್ನೂ ಸುಟ್ಟಿತು. ಅಯೋವಾ ರಾಜ್ಯದಲ್ಲಿ ಜಮೀನಿನ ಬೆಲೆ 1981ರಿಂದ 1986ರೊಳಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸಾಲಕ್ಕೆ ಜಮೀನು ಹರಾಜಾದ ಕುಟುಂಬಗಳು ಸಾವಿರಾರು. ಅದಕ್ಕೂ ಮೊದಲೇ, 1979ರ ಫೆಬ್ರುವರಿಯಲ್ಲಿ, ಅಲ್ಲಿಯ ರೈತರು ಬೆಳೆಗೆ ನ್ಯಾಯದ ಬೆಲೆ ಕೇಳಿ ಟ್ರ್ಯಾಕ್ಟರ್ ಹೊಡೆದುಕೊಂಡು ರಾಜಧಾನಿ ವಾಷಿಂಗ್ಟನ್ನಿಗೆ ನುಗ್ಗಿದ್ದರು. ಆದ್ದರಿಂದ ಇದು ಅವರ ದೇಶ, ನಮ್ಮ ದೇಶದ ಜಗಳ ಮಾತ್ರವಲ್ಲ. ಶ್ರೀಮಂತ ದೇಶದ ಒಳಗೂ ಒಕ್ಕಲುತನ ಬಡ ದೇಶವೇ.

ಧಾರವಾಡದ ಹತ್ತಿ, ಮನೆಯ ಬಂಗಾರ

ನಮ್ಮ ನೆಲದಲ್ಲಿ ಈ ಹಗ್ಗ ಮೊದಲು ಬಿಗಿದದ್ದು 1861ರಲ್ಲಿ. ಅಮೆರಿಕದಲ್ಲಿ ಉತ್ತರ-ದಕ್ಷಿಣ ರಾಜ್ಯಗಳ ಯುದ್ಧ ಹತ್ತಿತು. ಅಲ್ಲಿಯ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಬರುವುದು ನಿಂತಿತು. ಇಂಗ್ಲಿಷರ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಅಮೆರಿಕದ ತಳಿಯ ಬೀಜವನ್ನು ಅವರು 1840ರ ದಶಕದಲ್ಲೇ ಇಲ್ಲಿ ಬಿತ್ತಿಸಿದ್ದರು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಮುಂಬಯಿಯಲ್ಲಿ ಷೇರಿನ ಜೂಜು, ಹಳ್ಳಿಯಲ್ಲಿ ಕೇಳಿದಷ್ಟು ಸಾಲ. 1865ರ ವಸಂತದಲ್ಲಿ ಯುದ್ಧ ಮುಗಿಯಿತು, ಬೆಲೆ ದೊಪ್ಪನೆ ಬಿತ್ತು. ಮುಂಬಯಿಯ ಬ್ಯಾಂಕುಗಳು ಮುಳುಗಿದವು. ಆದರೆ ಸಾಹುಕಾರನ ಪತ್ರ ಮುಳುಗಲಿಲ್ಲ, ಕಂದಾಯವೂ ಇಳಿಯಲಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಅನ್ನುವ ಊರಿನಲ್ಲಿ ರೈತರು ಎದ್ದರು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ದಂಗೆ ಅಹಮದ್‌ನಗರಕ್ಕೂ ಹಬ್ಬಿತು. ಅದರ ಬೆನ್ನಿಗೇ 1876-78ರ ಬರ ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಯನ್ನು ತಿಂದಿತು.

ಎರಡನೆಯ ಬಿಗಿತ 1929ರದ್ದು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುರಿಯಿತು. ಎರಡು-ಮೂರು ವರ್ಷಗಳಲ್ಲಿ ಭಾರತದ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಅಂದರೆ ಎಲ್ಲರ ಸಾಲವೂ ಕ್ವಿಂಟಲ್ ಲೆಕ್ಕದಲ್ಲಿ ಇಮ್ಮಡಿ. ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್ ಅಂತ 1927ರಲ್ಲಿ ಕಟ್ಟಿದ ದರವನ್ನು ಇಳಿಸಿ, ನಮ್ಮ ಮಾಲಿಗೆ ನಾಲ್ಕು ಕಾಸು ಹೆಚ್ಚು ಸಿಗಲಿ ಅಂತ ಕೇಳಿದವರಿಗೆ ಬ್ರಿಟಿಷ್ ಸರ್ಕಾರ ಕಿವಿಗೊಡಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ತನ್ನ ಪೌಂಡನ್ನು ಮಾತ್ರ ಬಂಗಾರದಿಂದ ಬಿಡಿಸಿಕೊಂಡಿತು. ಕಂದಾಯ ಕಟ್ಟಲು, ಬಡ್ಡಿ ಕಟ್ಟಲು ನಮ್ಮ ಹೆಣ್ಣುಮಕ್ಕಳು ಬಿಚ್ಚಿಕೊಟ್ಟ ಬಳೆ, ಸರ, ಗುಂಡುಗಳು ಕರಗಿ ಹಡಗು ಹತ್ತಿ ಲಂಡನ್ನಿಗೆ ಹೋದವು. ಶ್ರೀಮಂತ ದೇಶದ ಜ್ವರಕ್ಕೆ ಬಡ ದೇಶದ ಕೊರಳ ಬಂಗಾರ ಅರೆದು ಔಷಧಿ ಮಾಡಿದರು. ಅದನ್ನು ವೈಸ್‌ರಾಯ್ ದೇಶದ ಭಾಗ್ಯವೆಂಬಂತೆ ಹೊಗಳಿದ್ದೂ ಉಂಟು!

ಅವರು ಪರದೇಶದ ದೊರೆಗಳು, ಬಿಡಿ. ನಮ್ಮವರೇ ದೊರೆಗಳಾದ ಮೇಲೆ? 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗುಂಡು ಹಾರಿತು. ಮಲಪ್ರಭಾ ನೀರು ಬಂದರೂ ಬಾರದಿದ್ದರೂ, ಬೆಳೆಗೆ ಬೆಲೆ ಸಿಕ್ಕರೂ ಸಿಗದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕು ಅಂದದ್ದಕ್ಕೆ ಎದ್ದ ಜನರ ಮೇಲೆ. ನೂರು ವರ್ಷ ಕಳೆದರೂ ವಸೂಲಿಯ ತತ್ತ್ವ ಒಂದೇ: ಬೆಲೆ ನಿನ್ನ ಹಣೆಬರಹ, ಕಂತು ನನ್ನ ಹಕ್ಕು.

ಏರುವಾಗ ಕತ್ತರಿ, ಬೀಳುವಾಗ ಗಂಟು

ಜಾಗತಿಕ ಮಾರುಕಟ್ಟೆಯಲ್ಲಿ ಏರಿಳಿತ ಇರುತ್ತದೆ, ಬಿದ್ದಾಗ ನಷ್ಟ, ಎದ್ದಾಗ ಲಾಭ, ಕೊನೆಗೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಎದ್ದಾಗ ನಮ್ಮನ್ನು ಏಳಲು ಬಿಟ್ಟಿದ್ದರೆ ಈ ಮಾತು ಒಪ್ಪಬಹುದಿತ್ತು. ಬಿಟ್ಟರೇ?

2011ರ ಮಾರ್ಚ್‌ನಲ್ಲಿ ಜಾಗತಿಕ ಪೇಟೆಯಲ್ಲಿ ಹತ್ತಿ ಒಂದು ಪೌಂಡಿಗೆ 2 ಡಾಲರ್ ದಾಟಿತು. ಹಿಂದೆಂದೂ ಕಾಣದ ಬೆಲೆ. ಆ ಹಂಗಾಮಿನಲ್ಲಿ ನಮ್ಮ ಸರ್ಕಾರ ರಫ್ತನ್ನು 55 ಲಕ್ಷ ಬೇಲಿಗೆ ಕಟ್ಟಿಹಾಕಿತ್ತು. ಗಿರಣಿಗಳಿಗೆ ಅಗ್ಗದ ಹತ್ತಿ ಬೇಕಿತ್ತು. 2012ರ ಮಾರ್ಚ್ 5ರಂದು ರಫ್ತನ್ನೇ ನಿಷೇಧಿಸಿದರು, ಗಲಾಟೆಯಾದ ಮೇಲೆ ಸಡಿಲಿಸಿದರು. ಮುಂದೆ ಚೀನಾ ತನ್ನ ಗೋದಾಮಿಗೆ ಹತ್ತಿ ತುಂಬುವ ನೀತಿಯನ್ನು 2014ರಲ್ಲಿ ಕೈಬಿಟ್ಟಾಗ ಜಗತ್ತಿನ ಬೆಲೆ ಕುಸಿಯಿತು. ಆಗ ಮಾತ್ರ ನಾವು ಮುಕ್ತ ಮಾರುಕಟ್ಟೆಯ ಮಕ್ಕಳು!

ಎಣ್ಣೆಕಾಳಿನ ಕಥೆ ಕೇಳಿ. 2008ರಲ್ಲಿ ಜಗತ್ತಿನಲ್ಲಿ ಎಣ್ಣೆ ಬೆಲೆ ಏರಿತೆಂದು ಏಪ್ರಿಲ್‌ನಲ್ಲಿ ಕಚ್ಚಾ ಖಾದ್ಯ ತೈಲದ ಆಮದು ಸುಂಕವನ್ನು ಸೊನ್ನೆಗೆ ಇಳಿಸಿದರು. ಅದೇ ವರ್ಷದ ಕೊನೆಗೆ ಅಮೆರಿಕದ ಮುಗ್ಗಟ್ಟಿನಿಂದ ತಾಳೆ ಎಣ್ಣೆಯ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಸುಂಕ ವಾಪಸು ಬಂತೇ? ಕಚ್ಚಾ ತಾಳೆ ಎಣ್ಣೆಗೆ 2013ರ ಜನವರಿವರೆಗೆ ಸೊನ್ನೆಯೇ. ಚಳ್ಳಕೆರೆಯ ಶೇಂಗಾ, ಕಲಬುರಗಿಯ ಸೂರ್ಯಕಾಂತಿ ಮಲೇಷ್ಯಾದ ಎಣ್ಣೆಯ ಜೊತೆ ಬರಿಮೈಯಲ್ಲಿ ಕುಸ್ತಿ ಆಡಬೇಕಾಯಿತು. 2022ರ ಮೇ 13ಕ್ಕೆ ಗೋಧಿ ರಫ್ತು ಬಂದ್, 2023ರ ಜುಲೈ 20ಕ್ಕೆ ಬಿಳಿ ಅಕ್ಕಿ ಬಂದ್, ಅದೇ ವರ್ಷ ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. ಎಲ್ಲವೂ ಬೆಲೆ ಏರಿದಾಗ. ಬೆಲೆ ಬಿದ್ದಾಗ ಇಷ್ಟು ಚುರುಕಾಗಿ ರಾತ್ರಿ ಕೂತು ಆದೇಶ ಟೈಪು ಮಾಡಿದ ಅಧಿಕಾರಿಯನ್ನು ಯಾರಾದರೂ ಕಂಡಿದ್ದೀರಾ?

ಬಡವನಿಗೆ ಅಗ್ಗದ ಅನ್ನ ಬೇಡವೇ ಅಂತ ಕೇಳುತ್ತಾರೆ. ಬೇಕು. ಕೂಲಿಕಾರನೂ ನಮ್ಮ ಊರಿನವನೇ, ಅವನ ಹಸಿವು ನಮಗೆ ಗೊತ್ತು. ಆದರೆ ಅವನಿಗೆ ಅನ್ನ ಕೊಡುವ ಭಾರ ಇಡೀ ದೇಶದ ಬೊಕ್ಕಸದ್ದು, ಒಬ್ಬ ಬೆಳೆಗಾರನ ಕಣದ್ದಲ್ಲ. ದಾನ ಸರ್ಕಾರದ್ದು, ಭತ್ತ ನಮ್ಮದು ಅನ್ನುವುದು ಯಾವ ನ್ಯಾಯ?

ಬರ ವಿಕೋಪ, ಬೆಲೆ ಕುಸಿತ ಏನು?

ಮಳೆ ಬಾರದೆ ಶೇ 33ರಷ್ಟು ಬೆಳೆ ಹೋದರೆ ಸಾಲದ ಕಂತನ್ನು ಮುಂದೂಡಿ ಮರುಹೊಂದಿಸಲು ನಿಯಮವಿದೆ. ಮೊದಲು ಶೇ 50 ಇತ್ತು, 2015ರಲ್ಲಿ ಇಳಿಸಿದರು. ಪಟ್ಟಿಯಲ್ಲಿ ಬರ ಇದೆ, ನೆರೆ ಇದೆ, ಆಲಿಕಲ್ಲು ಇದೆ. ಬೆಲೆ ಕುಸಿತ ಇಲ್ಲ. ಬೆಳೆ ಪೂರ್ತಿ ಬಂದು, ಬೆಲೆ ಶೇ 40 ಬಿದ್ದರೆ ಅದು ವಿಕೋಪವಲ್ಲವಂತೆ. ಹೊಲದಲ್ಲಿ ಒಣಗಿದರೆ ನಷ್ಟ, ಮಾರುಕಟ್ಟೆಯಲ್ಲಿ ಒಣಗಿದರೆ ನಷ್ಟವಲ್ಲ! ಬೆಂಬಲ ಬೆಲೆ ಇದೆಯಲ್ಲ ಅನ್ನುತ್ತಾರೆ. ಇದೆ, 2025-26ಕ್ಕೆ ಉದ್ದ ಎಳೆಯ ಹತ್ತಿಗೆ 8,110 ಅಂತ ಘೋಷಿಸಿದರು. ಆದರೆ ತೇವಾಂಶ ಶೇ 12 ದಾಟಿದರೆ ಹತ್ತಿ ನಿಗಮ ಮುಟ್ಟುವುದಿಲ್ಲ. ಕೊಯ್ಲಿನ ಮಳೆಗೆ ಅದು ಗೊತ್ತಿರಬೇಕಲ್ಲ? ಕಂತಿನ ತಾರೀಕು ಹತ್ತಿ ಒಣಗುವವರೆಗೆ ಕಾಯುವುದೂ ಇಲ್ಲ.

ಹೊರದೇಶದ ಏಟಿಗೆ ಸಾಲದ ಪರಿಹಾರ ಕೊಡುವ ಪದ್ಧತಿಯೇ ಇಲ್ಲ ಅನ್ನುವವರಿಗೆ ಉತ್ತರ ಅವರ ಕಡತದಲ್ಲೇ ಇದೆ. 2008ರಲ್ಲಿ ಅಮೆರಿಕ ತನ್ನ ಬ್ಯಾಂಕುಗಳನ್ನು ಎತ್ತಲು 70,000 ಕೋಟಿ ಡಾಲರ್ ತೆಗೆದಿಟ್ಟಿತು. ಅದೇ ವರ್ಷದ ನಮ್ಮ ಬಜೆಟ್ಟಿನಲ್ಲಿ ರೈತರ ಸಾಲ ಮನ್ನಾಕ್ಕೆ 60,000 ಕೋಟಿ ರೂಪಾಯಿ ಅಂದಾಗ ದೇಶ ದಿವಾಳಿ ಅಂತ ಬೊಬ್ಬೆ ಹೊಡೆದವರು, ಆ ಡಾಲರಿನ ಸುದ್ದಿ ಬಂದಾಗ ದಿಟ್ಟ ಕ್ರಮ ಅಂತ ಹೊಗಳಿದರು. ಹಳೆಯದು ಬಿಡಿ. 2025ರ ನವೆಂಬರ್ 14ರಂದು ರಿಸರ್ವ್ ಬ್ಯಾಂಕು, ಹೊರದೇಶದ ಮಾರುಕಟ್ಟೆಯ ಏಟು ತಿಂದ ರಫ್ತುದಾರರ ಕಂತುಗಳನ್ನು, ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗಿನವನ್ನು, ಮುಂದೂಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಆ ಅವಧಿಗೆ ಚಕ್ರಬಡ್ಡಿಯೂ ಇಲ್ಲ. ಒಳ್ಳೆಯ ಕೆಲಸ. ಹೊರಗಿನ ಏಟಿಗೆ ಸಾಲಗಾರ ಹೊಣೆಯಲ್ಲ ಅನ್ನುವ ನ್ಯಾಯವನ್ನು ಸರ್ಕಾರಿ ಕಾಗದದಲ್ಲೇ ಒಪ್ಪಿದ ಹಾಗಾಯಿತು. ಅಂಗಿ ಹೊಲಿಸಿದವನಿಗೆ ಆ ನ್ಯಾಯ ಸಲ್ಲುವುದಾದರೆ, ಆ ಅಂಗಿಯ ಹತ್ತಿ ಬೆಳೆದವನಿಗೆ ಯಾಕೆ ಸಲ್ಲದು? ಅದೇ ನಾಲ್ಕು ತಿಂಗಳು, ಅದೇ ಏಟು. ಅವನಿಗೆ ಮುಲಾಮು, ಇವನಿಗೆ ನೋಟೀಸು!

ನಾವು ಕೇಳುವುದು ಭಿಕ್ಷೆಯಲ್ಲ

ಜಗತ್ತಿನ ಏರಿಳಿತ ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ. ಅದು ನಿಲ್ಲುವುದೂ ಇಲ್ಲ. ಕೇಳುವುದು ನಾಲ್ಕೇ ಮಾತು.

ಒಂದು: ಬೆಲೆ ಕುಸಿತವನ್ನು ಬರದ ಸಾಲಿಗೆ ಸೇರಿಸಬೇಕು. ಸುಗ್ಗಿಯ ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದ ಬೆಳೆಗೆ, ಆ ವರ್ಷದ ಕಂತು ತಾನಾಗಿಯೇ ಮುಂದಕ್ಕೆ ಹೋಗಬೇಕು, ಬಡ್ಡಿಯ ಮೇಲೆ ಬಡ್ಡಿ ಬೀಳಬಾರದು.

ಎರಡು: ಆಮದು ಸುಂಕ ಜಗತ್ತಿನ ಬೆಲೆಯ ಜೊತೆ ನಡೆಯಬೇಕು. ಅಲ್ಲಿ ಬೆಲೆ ಬಿದ್ದಾಗ ಸುಂಕ ಏರಲಿ, ಅಲ್ಲಿ ಏರಿದಾಗ ಇಳಿಯಲಿ. ಕೊಯ್ಲಿನ ತಿಂಗಳುಗಳಲ್ಲಿ ಸುಂಕ ಇಳಿಸುವ ಅಧಿಕಾರ ಯಾರಿಗೂ ಇರಬಾರದು.

ಮೂರು: ರಫ್ತು ನಿಲ್ಲಿಸಿದರೆ, ನಿಲ್ಲಿಸಿದ ದಿನದ ಬೆಲೆಗೆ ಸರ್ಕಾರವೇ ಕೊಳ್ಳಬೇಕು. ನಿಷೇಧ ಪುಕ್ಕಟೆ ಆಗಬಾರದು.

ನಾಲ್ಕು: ರಫ್ತುದಾರರಿಗೆ, ಕಾರ್ಖಾನೆಗಳಿಗೆ ಯಾವಾಗ ಸಾಲದ ರಿಯಾಯಿತಿ ಕೊಟ್ಟರೂ, ಅವರಿಗೆ ಕಚ್ಚಾ ಮಾಲು ಬೆಳೆದುಕೊಟ್ಟ ರೈತನಿಗೂ ಅದೇ ದಿನ, ಅದೇ ಆದೇಶದಲ್ಲಿ ಕೊಡಬೇಕು.

ನಿಮ್ಮ ಊರಿನ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಚಹಾ, ಖಾರಾ ಕೊಟ್ಟು ವರದಿ ಓದಿ ಕೈ ಎತ್ತಿಸುತ್ತಾರಲ್ಲ, ಆಗ ಈ ನಾಲ್ಕು ಮಾತನ್ನು ಠರಾವು ಮಾಡಿ ಬರೆಸಿ. ಜಿಲ್ಲಾ ಬ್ಯಾಂಕಿಗೆ, ಶಾಸಕರಿಗೆ, ಸಂಸದರಿಗೆ ಪ್ರತಿ ಕಳಿಸಿ, ಕಳಿಸಿದ್ದಕ್ಕೆ ಸ್ವೀಕೃತಿ ಇಸಿದುಕೊಳ್ಳಿ. ಸಾಲದ ನೋಟೀಸು ಬಂದರೆ ಅದರ ಬೆನ್ನಿಗೆ ನಿಮ್ಮ ಲೆಕ್ಕ ಬರೆಯಿರಿ: ಸಾಲ ತಂದ ದಿನ ಇಷ್ಟು ಕ್ವಿಂಟಲ್, ಕೇಳುವ ದಿನ ಇಷ್ಟು ಕ್ವಿಂಟಲ್, ನಡುವಿನ ಅಂತರ ಯಾರು ತಿಂದರು? ಈ ಪ್ರಶ್ನೆಗೆ ಉತ್ತರ ಬರುವವರೆಗೆ ಮನೆಯ ಬಾಗಿಲು ಜಪ್ತಿ ಮಾಡಲು ಬಂದವರಿಗೆ ಕುಡಿಯಲು ನೀರು ಕೊಡಿ, ಬಾಗಿಲು ಕೊಡಬೇಡಿ.